ಟಾರ್ಕ್‌ಗೆ ‘ಎಳೆತ’ ಅಂದರೆ ಆಗುತ್ತಾ?

ಗೆಳೆಯರೇ, ನಮಸ್ಕಾರ.

ಒಂದು ಸಣ್ಣ ತಕರಾರು ತಂದಿದ್ದೇನೆ. ನಮ್ಮ ಅಕ್ಕನ ಮಗ ಇಲ್ಲೇ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಾಲೇಜಿನ ರಾಜ್ಯೋತ್ಸವ ಸಂಚಿಕೆಗೆ ವೇಗದ ಕಾರುಗಳ ಬಗ್ಗೆ ಬರೆದಿದ್ದಾನೆ. ಪೆಟ್ರೋಲ್ ಎಂಜಿನ್ ಕತೆ ಮುಂದೇನು, ಕರೆಂಟಿನ ಕಾರು ಬಂದ ಮೇಲೆ ಅದಕ್ಕೆ ಜಾಗ ಎಲ್ಲಿ ಅನ್ನುವುದು ವಿಷಯ. ‘ಮಾವ, ಕನ್ನಡ ಒಂಚೂರು ನೋಡಿಕೊಡಿ’ ಅಂದ. ಕೆಂಪು ಪೆನ್ನು ಹಿಡಿದು ಕೂತವನು ಮೂರನೇ ಸಾಲಿನಲ್ಲೇ ನಿಂತುಬಿಟ್ಟೆ.

ಸಾಲು ಇದು: ‘ವಿದ್ಯುತ್ ಕಾರು ನಿಂತಲ್ಲಿಂದಲೇ ಪೂರ್ಣ ಶಕ್ತಿಯನ್ನು ನೀಡುತ್ತದೆ.’

ವ್ಯಾಕರಣ ಸರಿಯಾಗಿದೆ, ವಿಷಯ ತಪ್ಪು. ಮೋಟಾರು ನಿಂತಲ್ಲಿಂದಲೇ ಕೊಡುವುದು ಟಾರ್ಕ್, ಅಂದರೆ ತಿರುಗಿಸುವ ಬಲ. ಟಾರ್ಕನ್ನು ಸುತ್ತುವ ವೇಗದಿಂದ ಗುಣಿಸಿದರೆ ಪವರ್ ಬರುತ್ತದೆ. ಇನ್ನೂ ಸುತ್ತೇ ಶುರುವಾಗದಿದ್ದರೆ ಟಾರ್ಕ್ ಎಷ್ಟಿದ್ದರೂ ಪವರ್ ಸೊನ್ನೆ. ಹುಡುಗನಿಗೆ ಇದು ಗೊತ್ತು, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದಾನೆ. ಕನ್ನಡದಲ್ಲಿ ಬರೆಯಲು ಕೂತಾಗ ಕೈಗೆ ಸಿಕ್ಕಿದ್ದು ‘ಶಕ್ತಿ’ ಒಂದೇ.

ಅವನನ್ನು ಬೈಯುವ ಹಾಗೂ ಇಲ್ಲ. ಶಾಲೆ ಪುಸ್ತಕದಲ್ಲಿ ಶಕ್ತಿ ಅಂದರೆ ಎನರ್ಜಿ, ಸಾಮರ್ಥ್ಯ ಅಂದರೆ ಪವರ್. ಆದರೆ ಹಾರ್ಸ್‌ಪವರ್ ಮಾತ್ರ ‘ಅಶ್ವಶಕ್ತಿ’! ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತೆ ಅನ್ನುವುದಕ್ಕೂ ಮತ್ತೆ ‘ಸಾಮರ್ಥ್ಯ’ವೇ. ಕ್ರೊವೇಷಿಯಾದ ರಿಮಾಕ್ ನೆವೆರಾ ಕಾರಿನ ಬಗ್ಗೆ ಬರೆಯುವಾಗ ಬ್ಯಾಟರಿ ಸಾಮರ್ಥ್ಯ 120 ಕಿಲೊವ್ಯಾಟ್ ಅವರ್, ಮೋಟಾರುಗಳ ಸಾಮರ್ಥ್ಯ ಸುಮಾರು 1,400 ಕಿಲೊವ್ಯಾಟ್ ಅಂತ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಒಂದು ಕೊಳಗದ ಅಳತೆ, ಇನ್ನೊಂದು ನಲ್ಲಿಯ ಅಳತೆ. ನಲ್ಲಿ ಪೂರ್ತಿ ತಿರುಗಿಸಿದರೆ ಕೊಳಗ ಐದೇ ನಿಮಿಷಕ್ಕೆ ಖಾಲಿ. ಈ ಮಜಾ ಓದುವವರಿಗೆ ಸಿಗಬೇಕಾದರೆ ಎರಡಕ್ಕೂ ಬೇರೆ ಪದ ಬೇಕಲ್ವಾ? ‘ಬ್ಯಾಟರಿ 120 ಯೂನಿಟ್ ಹಿಡಿಯುತ್ತದೆ’ ಅಂತ ತಿದ್ದಿದೆ. ಕಿಲೊವ್ಯಾಟ್ ಅವರ್ ಅಂದರೂ ಅದೇ, ಕರೆಂಟ್ ಬಿಲ್ಲಿನಲ್ಲಿರುವ ಯೂನಿಟ್ ಅಂದರೂ ಅದೇ.

ಟಾರ್ಕ್ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

ನಮ್ಮೂರು ಪಾಂಡವಪುರದ ಕಡೆ. ತಾತನ ಕಾಲದಲ್ಲಿ ಆಲೆಮನೆ ಇತ್ತು, ಎತ್ತಿನ ಗಾಣ. ನಾನು ಕಣ್ಣು ಬಿಡುವ ಹೊತ್ತಿಗೆ ಆ ಜಾಗಕ್ಕೆ ಡೀಸೆಲ್ ಇಂಜಿನ್ ಬಂದು, ಗಾಣ ಹಿತ್ತಲು ಸೇರಿತ್ತು. ಉದ್ದನೆಯ ಮರಕ್ಕೆ ಎತ್ತು ಕಟ್ಟಿ ಸುತ್ತ ಹೊಡೆಯುತ್ತಿದ್ದರಂತೆ. ನಡುವಿನ ಉರುಳೆಗಳು ತಿರುಗಿ ಕಬ್ಬು ಅರೆಯಬೇಕು. ಜಾಸ್ತಿ ಕಬ್ಬು ತುರುಕಿದರೆ ಗಾಣ ಸಿಕ್ಕಿಕೊಳ್ಳುತ್ತಿತ್ತು. ಎತ್ತು ಕಾಲೂರಿ ಎಳೆಯುತ್ತದೆ, ಗಾಣ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಆ ಗಳಿಗೆಯಲ್ಲಿ ಎಳೆತಕ್ಕೇನೂ ಕಮ್ಮಿ ಇಲ್ಲ, ಆದರೆ ಒಂದು ತೊಟ್ಟು ಹಾಲೂ ಬರುವುದಿಲ್ಲ. (ಕಬ್ಬಿನ ಹಾಲು. ಆಲೆಮನೆಯಲ್ಲಿ ಅದಕ್ಕೆ ರಸ ಅನ್ನುವವನು ಪ್ಯಾಟೆಯವನು.) ಟಾರ್ಕ್ ಇದೆ, ಪವರ್ ಇಲ್ಲ ಅಂದರೆ ಇದೇ. ಮರ ಉದ್ದ ಮಾಡಿದರೆ ಅದೇ ಎತ್ತಿಗೆ ಗಾಣ ಹಗುರ, ಆದರೆ ಸುತ್ತು ನಿಧಾನ. ಫಸ್ಟ್ ಗೇರ್ ಮಾಡುವುದೂ ಅದನ್ನೇ.

ತಮಾಷೆ ಏನು ಗೊತ್ತಾ? ಜೇಮ್ಸ್ ವಾಟ್ ಹಾರ್ಸ್‌ಪವರ್ ಲೆಕ್ಕ ಹಾಕಿದ್ದೂ ಇಂಥ ಸುತ್ತು ಹೊಡೆಯುವ ಕುದುರೆಯಿಂದಲೇ. ಕುದುರೆ ನಡುವಿನಿಂದ 12 ಅಡಿ ದೂರದಲ್ಲಿ ಗಂಟೆಗೆ 144 ಸುತ್ತು ಬರುತ್ತದೆ, 180 ಪೌಂಡ್ ಬಲದಿಂದ ಎಳೆಯುತ್ತದೆ ಅಂತ ಹಿಡಿದ. ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡ್ ಆಗುತ್ತದೆ. ಅದನ್ನು 33,000ಕ್ಕೆ ಏರಿಸಿಕೊಂಡ. ಈಗಿನ ಲೆಕ್ಕದಲ್ಲಿ 746 ವ್ಯಾಟ್. 180 ಪೌಂಡ್ ಎಳೆತ, 12 ಅಡಿ ಮರ, ಇಷ್ಟೇ ಗುಣಿಸಿ ನಿಲ್ಲಿಸಿದರೆ ಟಾರ್ಕ್. ಅದಕ್ಕೆ ಸುತ್ತನ್ನೂ ಸೇರಿಸಿದರೆ ಎಚ್‌ಪಿ. ಅಂದಮೇಲೆ ಟಾರ್ಕ್‌ಗೆ ‘ಎಳೆತ’ ಅಂದರೆ ಏನು ತಪ್ಪು ಅನ್ನಿಸಿತು. ‘ತಿರುಗುಬಲ’, ‘ತಿರುಚುಬಲ’ ಎರಡನ್ನೂ ಹುಡುಗ ಬರೆದು ಹೊಡೆದುಹಾಕಿದ್ದ. ‘ತಿರುಚುಬಲ’ ಕೇಳಿದರೆ ನನಗೆ ಯಾರೋ ಕಿವಿ ಹಿಂಡಿದ ಹಾಗಾಗುತ್ತದೆ.

ನಮ್ಮ ಪಕ್ಕದ ಮನೆಯ ಹಿರಿಯರು ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. 1996ರಲ್ಲಿ ಅದು ಮುಚ್ಚಿತು, ಇವರ ಬಾಯಲ್ಲಿ ಮಾತ್ರ ಇನ್ನೂ ಎರಡು ಶಿಫ್ಟ್ ನಡೆಯುತ್ತಿದೆ. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿದ್ದ ಗಾಡಿ ನೆನಪಿದೆಯಲ್ಲಾ, ಅದನ್ನು ಜೋಡಿಸಿದ ಕೈ. ಅವರ ಹತ್ತಿರ ಕೇಳಿದೆ. ‘ನಮ್ ಗಾಡೀಲಿ ಓಟ ಇತ್ತು, ಬುಲೆಟ್ಟಲ್ಲಿ ಎಳೆತ ಇತ್ತು. ಅಷ್ಟೇ ಕಣ್ರೀ, ಇದುಕ್ಯಾಕೆ ಇಷ್ಟು ಯೋಚ್ನೆ’ ಅಂದರು. ನನಗೆ ಖುಷಿಯೋ ಖುಷಿ. ಒಂದೇ ಮಾತಿನಲ್ಲಿ ಎರಡೂ ಪದ ಸಿಕ್ಕಿತು ಅಂದುಕೊಂಡೆ.

ಮರುಗಳಿಗೆ ಅವರೇ ಕಲ್ಲು ಹಾಕಿದರು. ‘ಆದ್ರೆ ನಟ್ ಟೈಟ್ ಮಾಡೋಕೆ ಟಾರ್ಕ್ ರೆಂಚ್ ಇರುತ್ತಲ್ಲಾ, ಅಲ್ಲಿ ಎಳೆತ ಎಲ್ಲಿಂದ ಬಂತು? ಅಲ್ಲಿರೋದು ಬಿಗಿ.’

ಹೌದು. ಇಲ್ಲಿ ನಾನು ಸಿಕ್ಕಿಬಿದ್ದೆ. ಗಾಡಿಯಲ್ಲಿ ಅದು ಎಳೆತ, ನಟ್ಟಿನಲ್ಲಿ ಬಿಗಿ. ಎರಡಕ್ಕೂ ಒಂದೇ ಪದ ಇರಲೇಬೇಕು ಅಂತ ಹಟ ಯಾಕೆ ಅನ್ನುವುದು ನನ್ನ ವಾದ. ಓದುವವನು ಕಾರು ಬಿಡುವವನಾದರೆ ಎಳೆತ, ಸ್ಪ್ಯಾನರ್ ಹಿಡಿಯುವವನಾದರೆ ಬಿಗಿ. ಹುಡುಗ ಒಪ್ಪುತ್ತಿಲ್ಲ. ‘ಎಳೆತ ಅಂದ್ರೆ ನೇರ ಎಳೆಯೋದು ಮಾವ, ಅದು ಬರೀ ಬಲ. ತಿರುಗೋದು ಎಲ್ಲಿದೆ?’ ಅನ್ನುತ್ತಾನೆ. ‘ಪಿಕಪ್’ ಹಾಕೋಣ ಅಂದರೆ ಅದು ಟಾರ್ಕೂ ಆಗುತ್ತೆ, ವೇಗ ಏರುವ ರೀತಿಯೂ ಆಗುತ್ತೆ, ತರಕಾರಿ ತರುವ ಗಾಡಿಯೂ ಆಗುತ್ತೆ.

ಇನ್ನೊಂದು ಪದಕ್ಕೆ ನನಗೆ ನಿಜವಾಗಿ ಸಿಟ್ಟಿದೆ. ಹೈ ಪರ್ಫಾರ್ಮೆನ್ಸ್ ಕಾರಿಗೆ ಅವನು ‘ಉನ್ನತ ಕಾರ್ಯಕ್ಷಮತೆಯ ಕಾರು’ ಅಂತ ಬರೆದಿದ್ದಾನೆ. ಬಡ್ತಿಗೆ ಕಾಯುವ ಗುಮಾಸ್ತರ ವರದಿ ಇದ್ದ ಹಾಗಿದೆ. ಅದಿರಲಿ, ಅರ್ಥವೇ ಉಲ್ಟಾ. ನಾವು ಕಾರ್ಯಕ್ಷಮತೆ ಅನ್ನುವುದು ಕಡಿಮೆ ಖರ್ಚಿನಲ್ಲಿ ಜಾಸ್ತಿ ಕೆಲಸ ತೆಗೆಯುವುದಕ್ಕೆ. ಸಾಮಾನ್ಯ ಪೆಟ್ರೋಲ್ ಎಂಜಿನ್ ಕುಡಿದದ್ದರಲ್ಲಿ ಮೂರನೇ ಒಂದು ಪಾಲು ಕೆಲಸಕ್ಕೆ ತಂದರೆ ದೊಡ್ಡದು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಮೋಟಾರು ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕೆಲಸಕ್ಕೆ ತರುತ್ತದೆ. 2016ರ ಬುಗಾಟಿ ಶಿರಾನ್‌ನದು 8 ಲೀಟರಿನ, 16 ಸಿಲಿಂಡರಿನ, ನಾಲ್ಕು ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಟ್ಟ ಎಂಜಿನ್. ಅದನ್ನು ಕಾರ್ಯಕ್ಷಮ ಅಂದರೆ ಗಾಣದೆತ್ತೂ ನಗುತ್ತದೆ. ‘ಬಿರುಸಿನ ಕಾರು’ ಅಂತ ಬದಲಾಯಿಸಿದ್ದೇನೆ. ಹೇಗಿದೆ ಹೇಳಿ.

ಅಂದ ಹಾಗೆ ಆ ಬುಗಾಟಿಯ ಮುಂದಿನ ಕತೆ ಹುಡುಗನ ಬರಹದ ಒಳ್ಳೇ ಭಾಗ. 2021ರಲ್ಲಿ ಬುಗಾಟಿಯೂ ರಿಮಾಕೂ ಒಂದೇ ಮನೆಯವರಾದರು. ಎಲ್ಲರೂ ಇನ್ನು ಬರೀ ಬ್ಯಾಟರಿ ಅಂದುಕೊಂಡರು. 2024ರಲ್ಲಿ ತೋರಿಸಿದ ಟೂರ್ಬಿಯೋನ್ ಕಾರಿನಲ್ಲಿ ಮತ್ತೆ 16 ಸಿಲಿಂಡರ್, ಈ ಸಲ 8.3 ಲೀಟರ್, ಟರ್ಬೊ ಇಲ್ಲ. ಎಂಜಿನ್‌ನಿಂದ 1,000 ಎಚ್‌ಪಿ, ಮೂರು ಮೋಟಾರುಗಳಿಂದ 800, ಒಟ್ಟು 1,800. ನಿಂತಲ್ಲಿಂದ ಎಬ್ಬಿಸಲು ಮೋಟಾರಿದೆ, ಹಾಗಾಗಿ ಎಂಜಿನ್‌ಗೆ ಮೇಲಿನ ಸುತ್ತುಗಳಲ್ಲಿ ಕೂಗುತ್ತಾ ಓಡುವ ಸ್ವಾತಂತ್ರ್ಯ. ಎಳೆತ ಮೋಟಾರಿಗೆ, ಓಟ ಎಂಜಿನ್‌ಗೆ. ನಮ್ಮ ಫಿಟ್ಟರ್ ಹೇಳಿದ ಎರಡು ಪದ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ. ಇನ್ನೊಂದು ಕಡೆ ಹ್ಯುಂಡೈ ಐಯಾನಿಕ್ 5 ಎನ್ ಅನ್ನುವ ಕರೆಂಟ್ ಕಾರಿನಲ್ಲಿ ಇಲ್ಲದ ಗೇರನ್ನು ಬದಲಾಯಿಸಿದ ಹಾಗೆ ಕುಲುಕಾಟ, ಸ್ಪೀಕರಿನಲ್ಲಿ ಎಂಜಿನ್ ಸದ್ದು. ಅದಕ್ಕೆ ಹುಡುಗನೇ ‘ಹುಸಿ ಗೇರು’ ಅಂತ ಬರೆದಿದ್ದಾನೆ. ಪೆನ್ನು ತಾಗಿಸಲಿಲ್ಲ.

ಎಂಜಿನ್, ಮೋಟಾರು ಅನ್ನುವ ಎರಡು ಪದಗಳನ್ನು ಹಾಗೇ ಉಳಿಸಿದೆ. ಮಂಡ್ಯದ ರೈತ ‘ಇಂಜಿನ್’ ಅಂದರೆ ಡೀಸೆಲ್ಲು, ‘ಮೋಟ್ರು’ ಅಂದರೆ ಕರೆಂಟು. ಹತ್ತು ಎಚ್‌ಪಿ ಮೋಟ್ರು ಅಂದಾಗ ಯಾರಿಗೂ ಗೊಂದಲ ಇಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಸೀಮೆ ಇದು.

ರೀಜೆನರೇಟಿವ್ ಬ್ರೇಕಿಂಗ್‌ಗೆ ‘ಪುನರುತ್ಪಾದಕ’ ಅಂತಿತ್ತು, ‘ಚಾರ್ಜ್ ಮರಳಿಸುವ ಬ್ರೇಕ್’ ಮಾಡಿದೆ. ಜೊತೆಗೆ ಚಾಮುಂಡಿ ಬೆಟ್ಟದ ಉದಾಹರಣೆ ಸೇರಿಸಿದೆ. 1,500 ಕೆಜಿ ಕಾರು ಸುಮಾರು 300 ಮೀಟರ್ ಕೆಳಗಿಳಿದರೆ 1.2 ಯೂನಿಟ್ ಲೆಕ್ಕ, ಅದರಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸ್. ಡ್ರೈವ್‌ಟ್ರೇನ್‌ಗೆ ‘ಚಾಲನಾ ಸರಣಿ’ ಅಂತಿತ್ತು. ಸರಣಿ ಅಂದರೆ ನನಗೆ ಐದು ಪಂದ್ಯದ ಕ್ರಿಕೆಟ್ಟೇ ನೆನಪಾಗೋದು. ಎಂಜಿನ್‌ನಿಂದ ಚಕ್ರದವರೆಗಿನ ‘ಸರಂಜಾಮು’ ಅಂದರೆ ಸಾಕು ಅಂತ ನನ್ನ ಅನಿಸಿಕೆ.

ಈಗ ನೀವು ಹೇಳಬೇಕು. ಧಾರವಾಡದ ಕಡೆಯವರು ಗಾಡಿ ‘ಜಗ್ಗತೈತಿ’ ಅನ್ನುತ್ತೀರಲ್ಲ, ಅದು ಟಾರ್ಕಿಗೋ ವೇಗಕ್ಕೋ? ಮಂಗಳೂರಿನವರು ಘಾಟಿ ಹತ್ತುವ ಲಾರಿಗೆ ಏನನ್ನುತ್ತೀರಿ? ‘ಎಳೆತ’ಕ್ಕಿಂತ ವಾಸಿ ಪದ ಇದ್ದರೆ ಭಾನುವಾರದೊಳಗೆ ಬರೆಯಿರಿ, ಸೋಮವಾರ ಹುಡುಗ ಫೈಲ್ ಕೊಡಬೇಕು. ಇನ್ನೊಂದು, ಗಾಣಕ್ಕೆ ಎತ್ತು ಕಟ್ಟುವ ಆ ಉದ್ದನೆಯ ಮರಕ್ಕೆ ನಿಮ್ಮೂರಲ್ಲಿ ಏನು ಹೆಸರು? ತಾತ ಹೇಳುತ್ತಿದ್ದ ಪದ ನಾಲಿಗೆ ತುದಿಗೆ ಬಂದು ಹಿಂದೆ ಹೋಗುತ್ತಿದೆ. ಅದು ಸಿಕ್ಕರೆ ಟಾರ್ಕಿನ ಅರ್ಧ ಕೆಲಸ ಆದ ಹಾಗೆ.