ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಎಲ್ಲ ಲೆಕ್ಕ ಹಾಕಿಬಿಟ್ಟರೆ ಚೆಸ್‌ನಲ್ಲಿ ಉಳಿಯುವುದೇನು?

ಎಂಟನೇಮನೆ:
ಕಂಪ್ಯೂಟರ್ ವಿಜ್ಞಾನಿ ಜೊನಾಥನ್ ಶೇಫರ್ ಅವರ ತಂಡ 2007ರಲ್ಲಿ ಚೆಕರ್ಸ್ ಆಟವನ್ನು ಪೂರ್ತಿ ಬಿಡಿಸಿ, ಇಬ್ಬರೂ ತಪ್ಪದೆ ಆಡಿದರೆ ಡ್ರಾ ಎಂದು ತೋರಿಸಿತು. ಚೆಸ್‌ನಲ್ಲೂ ಏಳು ಕಾಯಿ ಉಳಿದ ಎಂಡ್‌ಗೇಮ್‌ಗಳಿಗೆ 2018ರಿಂದ ಸಿಜಿಜಿ ಟೇಬಲ್‌ಬೇಸ್ (ಪ್ರತಿ ಪೊಸಿಷನ್‌ನ ಖಚಿತ ಫಲಿತಾಂಶ ಬರೆದಿಟ್ಟ ಫೈಲ್‌ಗಳು) ಇದೆ. ಹಾಗಾದರೆ 32 ಕಾಯಿಗಳ ಲೆಕ್ಕವೂ ಇವತ್ತಲ್ಲ ನಾಳೆ ಮುಗಿಯುತ್ತದಾ? ಮುಗಿದರೆ ಆಡುವವರಿಗೆ ಏನು ಉಳಿಯುತ್ತದೆ?

ಕಪ್ಪೊಂಟೆ:
ಮೊದಲು ಒಂದು ತಿದ್ದುಪಡಿ. ಚೆಕರ್ಸ್‌ ಅನ್ನು "ಪೂರ್ತಿ" ಬಿಡಿಸಿಲ್ಲ. ಅದರಲ್ಲಿರುವ ಪೊಸಿಷನ್‌ಗಳು 5ರ ಮುಂದೆ 20 ಸೊನ್ನೆ ಇಟ್ಟಷ್ಟು. ಆರಂಭದ ಪೊಸಿಷನ್ ಡ್ರಾ ಎಂದು ಸಾಧಿಸಲು ಎಷ್ಟು ಬೇಕೋ ಅಷ್ಟನ್ನೇ ನೋಡಿದರು, ಅಂದರೆ ಸುಮಾರು ಒಂದು ಕೋಟಿ ಕೋಟಿ. ಜೊತೆಗೆ 10 ಕಾಯಿಗಳವರೆಗಿನ 39 ಲಕ್ಷ ಕೋಟಿ ಪೊಸಿಷನ್‌ಗಳ ಟೇಬಲ್‌ಬೇಸ್ ಕಟ್ಟಿಕೊಂಡಿದ್ದರು. ಕೆಲಸ ಶುರುವಾದದ್ದು 1989ರಲ್ಲಿ.

ಚೆಸ್‌ನ ಅಂದಾಜು 48ರ ಮುಂದೆ 43 ಸೊನ್ನೆ. ಆಲ್ಫಾ-ಬೀಟಾ ವಿಧಾನ ಬೇಡದ ಕವಲುಗಳನ್ನು ಕತ್ತರಿಸುತ್ತದೆ, ಆದ್ದರಿಂದ ಇದರ ವರ್ಗಮೂಲದಷ್ಟು ನೋಡಿದರೆ ಸಾಕು ಎನ್ನುವ ಆಶಾವಾದಿಗಳಿದ್ದಾರೆ. ಸರಿ, ಸೆಕೆಂಡಿಗೆ 10 ಕೋಟಿ ಪೊಸಿಷನ್ ನೋಡುವ 10 ಲಕ್ಷ ಯಂತ್ರಗಳನ್ನು ಕೂರಿಸಿ: ಏಳು ವರ್ಷದಲ್ಲಿ ಮುಗಿಯುತ್ತದೆ! ಆದರೆ ಅದೇ ವರ್ಗಮೂಲದ ಲೆಕ್ಕದಲ್ಲಿ ಚೆಕರ್ಸ್‌ಗೆ 2,200 ಕೋಟಿ ಸಾಕಾಗಬೇಕಿತ್ತು. ನಿಜಕ್ಕೂ ಹಿಡಿದದ್ದು ಅದರ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಚೆಸ್ ಘಾತಾಂಕವೂ (ಸರಿಸುಮಾರು ಸೊನ್ನೆಗಳ ಎಣಿಕೆ) ಅದೇ ಪ್ರಮಾಣದಲ್ಲಿ ಏರಿದರೆ ಏಳು ವರ್ಷ ಹೋಗಿ ಹತ್ತಾರು ಕೋಟಿ ವರ್ಷವಾಗುತ್ತದೆ.

ಅದೂ ಉದಾರವಾದ ಲೆಕ್ಕವೇ. ಚೆಕರ್ಸ್‌ನಲ್ಲಿ ಹೊಡೆಯುವುದು ಕಡ್ಡಾಯ, ಕಾಯಿಗಳು ಬೇಗ ಕರಗಿ ಆಟ ಟೇಬಲ್‌ಬೇಸ್‌ನೊಳಕ್ಕೆ ಬೀಳುತ್ತದೆ. ಚೆಸ್‌ನಲ್ಲಿ ಆ ಒತ್ತಾಯವಿಲ್ಲ. ಟೇಬಲ್‌ಬೇಸ್ ಗಾತ್ರ ನೋಡಿ: ಐದು ಕಾಯಿಗೆ 1 ಜಿಬಿಗಿಂತ ಕಡಿಮೆ, ಆರಕ್ಕೆ ಸುಮಾರು 150 ಜಿಬಿ, ಏಳಕ್ಕೆ ಸುಮಾರು 18 ಟಿಬಿ. ಒಂದೊಂದು ಕಾಯಿಗೂ ನೂರು ಪಟ್ಟು ಮೀರಿ ಉಬ್ಬುತ್ತಿದೆ, ಇನ್ನೂ 25 ಕಾಯಿ ಬಾಕಿ.

ಆನೆಬಾಗಿಲು:
ಎರಡನೇ ಪ್ರಶ್ನೆಗೆ ಹಳೆಯ ಪ್ರಯೋಗವೊಂದೇ ಸಾಕು. ರಾಜ-ರಾಣಿ ಎದುರು ರಾಜ-ಆನೆ. ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ 1970ರ ದಶಕದಲ್ಲೇ ಇದನ್ನು ಪೂರ್ತಿ ಲೆಕ್ಕ ಹಾಕಿದ್ದರು: ರಾಣಿಯ ಕಡೆ ಎಷ್ಟೇ ಕಷ್ಟದ ಜಾಗದಿಂದಲೂ 31 ನಡೆಗಳೊಳಗೆ ಆನೆಯನ್ನು ಹೊಡೆಯಬೇಕು ಇಲ್ಲವೇ ಮೇಟ್ ಮಾಡಬೇಕು. ಅಮೆರಿಕದ ಚಾಂಪಿಯನ್ ವಾಲ್ಟರ್ ಬ್ರೌನ್ ಯಂತ್ರದ ಎದುರು ರಾಣಿ ಹಿಡಿದು ಕೂತರೂ 50 ನಡೆಗಳಲ್ಲಿ ಗೆಲ್ಲಲಾಗಲಿಲ್ಲ (ಯಾವ ಕಾಯಿಯನ್ನೂ ಹೊಡೆಯದೆ, ಕಾಲಾಳು ನಡೆಸದೆ 50 ನಡೆ ಕಳೆದರೆ ಡ್ರಾ ಕೇಳಬಹುದು). ಪುಸ್ತಕಗಳು ಆನೆಯನ್ನು ರಾಜನ ಪಕ್ಕದಲ್ಲೇ ಇಡಿ ಎನ್ನುತ್ತಿದ್ದವು, ಯಂತ್ರ ಅದನ್ನು ದೂರ ಒಯ್ದು ಆಡಿತು. ಬ್ರೌನ್ ಅಭ್ಯಾಸ ಮಾಡಿಕೊಂಡು ಮತ್ತೆ ಬಂದು, ಸರಿಯಾಗಿ 50ನೇ ನಡೆಗೆ ಕೆಲಸ ಮುಗಿಸಿದರು. ನಾಲ್ಕೇ ಕಾಯಿಗಳ ಪಾಡು ಇದು! ಉತ್ತರ ಡಿಸ್ಕ್‌ನಲ್ಲಿರುವುದಕ್ಕೂ ತಲೆಯಲ್ಲಿರುವುದಕ್ಕೂ ಸಂಬಂಧವಿಲ್ಲ. 2024ರ ವಿಶ್ವ ಚಾಂಪಿಯನ್‌ಷಿಪ್ ತೀರ್ಮಾನವಾದದ್ದೂ 14ನೇ ಆಟದ 55ನೇ ನಡೆಯಲ್ಲಿ, ಡಿಂಗ್ ಲಿರೆನ್ ಡ್ರಾ ಆಗಬೇಕಿದ್ದ ಎಂಡ್‌ಗೇಮ್‌ನಲ್ಲಿ ಆನೆಯನ್ನು ಎಫ್2ಗೆ ಇಟ್ಟಾಗ.

ಮೂರನೇಸಾಲು:
ಆನೆಬಾಗಿಲು ಹೇಳಿದ್ದು ಬೋರ್ಡ್ ಎದುರು ಕೂತು ಆಡುವ ಆಟಕ್ಕೆ ಸರಿ. ಪತ್ರ ಚೆಸ್‌ನಲ್ಲಿ ಎಂಜಿನ್ ಬಳಕೆಗೆ ಅನುಮತಿ ಇದೆ, ಅಲ್ಲಿ ಮೇಲ್ಮಟ್ಟದ ಆಟಗಳು ಬಹುಪಾಲು ಡ್ರಾ. ಎಂಜಿನ್‌ಗಳ ಟೂರ್ನಿಗಳಲ್ಲಂತೂ ಏರುಪೇರಿನ ಓಪನಿಂಗ್‌ಗಳನ್ನು ಮೊದಲೇ ಕೊಟ್ಟು ಆಡಿಸುತ್ತಾರೆ, ಇಲ್ಲದಿದ್ದರೆ ಫಲಿತಾಂಶವೇ ಬರುವುದಿಲ್ಲ. ಆ ಮಟ್ಟಿಗೆ ಪೆಟ್ಟು ಬಿದ್ದಿರುವುದು ನಿಜ.

ಮನುಷ್ಯರ ನಡುವೆ ಬದಲಾದದ್ದು ತಯಾರಿಯ ರೀತಿ. ಎಂಜಿನ್ ಕೊಡುವ ಅಂಕ 0.00 ಎಂದರೆ ಇಬ್ಬರಿಗೂ ಸಮ ಎಂದು ಓದುವುದು ಹೊಸಬರ ತಪ್ಪು. ಎಂಜಿನ್‌ನಲ್ಲಿ ಮಲ್ಟಿಪಿವಿ (ಒಟ್ಟಿಗೆ ಎಷ್ಟು ಒಳ್ಳೆಯ ಆಯ್ಕೆ ತೋರಿಸಬೇಕು ಎಂಬ ಸೆಟ್ಟಿಂಗ್) 4ಕ್ಕೆ ಇಟ್ಟು ಎದುರಾಳಿಯ ಸರದಿಯನ್ನು ನೋಡಿ. ಮೊದಲ ಸಾಲು 0.00, ಎರಡನೆಯದೇ ಎರಡು ಕಾಲಾಳಿನಷ್ಟು ಕೆಳಗೆ ಇದ್ದರೆ ಅವರಿಗೆ ಒಂದೇ ದಾರಿ. ಅಂಥ ಸರದಿ ಸಾಲಾಗಿ ನಾಲ್ಕೈದು ಬಂದರೆ ಆ "ಸಮ" ಪೊಸಿಷನ್ ಅವರಿಗೆ ನರಕ. ಎಂಜಿನ್‌ನ ಮೊದಲ ಆಯ್ಕೆಯನ್ನು ಎದುರಾಳಿಯೂ ನೋಡಿರುತ್ತಾರೆ. ಹಾಗಾಗಿ 0.2 ಬಿಟ್ಟುಕೊಟ್ಟು ಮೂರನೇ ಸಾಲು ಆಡುವುದೇ ಎಷ್ಟೋ ಸಲ ಲಾಭ.

ಅಷ್ಟೂ ಬೇಡವೆಂದರೆ ಚೆಸ್960 ಇದೆ, ಹಿಂದಿನ ಸಾಲಿನ ಕಾಯಿಗಳನ್ನು ಪ್ರತಿ ಆಟಕ್ಕೂ ಕಲಸಿ ಇಡುವ ಆಟ. ಒಂಟೆಗಳು ಬೇರೆ ಬೇರೆ ಬಣ್ಣದಲ್ಲಿ (4×4), ರಾಣಿಗೆ 6 ಮನೆ, ಕುದುರೆಗಳಿಗೆ 10 ಜೋಡಿ, ರಾಜ ಎರಡು ಆನೆಗಳ ನಡುವೆ. ಗುಣಿಸಿದರೆ 960. ಬಾಯಿಪಾಠ ಅಲ್ಲಿ ಮೊದಲ ನಡೆಗೇ ಮುಗಿಯುತ್ತದೆ.

ಎಂಟನೇಮನೆ:
ಥ್ಯಾಂಕ್ಸ್. ಮನೆಯ ಕಂಪ್ಯೂಟರ್‌ಗೆ ಟೇಬಲ್‌ಬೇಸ್ ಎಷ್ಟು ಕಾಯಿಯದು ಸಾಕು?

ಕಪ್ಪೊಂಟೆ:
ಐದು ಕಾಯಿಯದರಿಂದ ಶುರು ಮಾಡಿ. ಆರು ಬೇಕಿದ್ದರೆ ಎಸ್‌ಎಸ್‌ಡಿಯಲ್ಲೇ ಇಡಿ. ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿಟ್ಟರೆ ಎಂಜಿನ್ ಪ್ರತಿ ಸಲ ಹುಡುಕುತ್ತಾ ನಿಂತು, ಹುಡುಕಾಟದ ಆಳ ಕುಸಿಯುತ್ತದೆ. ಗೆಲುವು-ಡ್ರಾ-ಸೋಲು ಹೇಳುವ ಡಬ್ಲ್ಯುಡಿಎಲ್ ಫೈಲ್ ಮಾತ್ರ ಹಾಕಿಕೊಂಡು ನಿಲ್ಲಿಸಬೇಡಿ. ಗೆದ್ದ ಪೊಸಿಷನ್‌ನಲ್ಲಿ 50 ನಡೆ ಮುಗಿಯುವ ಮುನ್ನ ಮುಂದೆ ಸಾಗಲು ಡಿಟಿಜೆಡ್ ಫೈಲೂ ಬೇಕು. ಆಮೇಲೆ ಎಂಜಿನ್ ಸೆಟ್ಟಿಂಗ್‌ನ ಸಿಜಿಜಿಪಾತ್‌ನಲ್ಲಿ ಆ ಫೋಲ್ಡರ್ ತೋರಿಸಿ.