ಗಂಗಾವತಿ–ಸಿಂಧನೂರು ದಾರಿಯ ಓಡಾಟಕ್ಕೆ .32 ರಿವಾಲ್ವರ್ ಸೂಕ್ತವೋ, ಪಿಸ್ತೂಲು ಸೂಕ್ತವೋ?

ಪ್ರಶ್ನೆ (ಅಕ್ಕಿ ಗಿರಣಿ ಮಾಲೀಕ, ಗಂಗಾವತಿ):

ಮಾನ್ಯರೇ, ಸುಗ್ಗಿಯ ದಿನಗಳಲ್ಲಿ ಭತ್ತದ ಖರೀದಿಗೆಂದು ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಹೋಗಿ ರಾತ್ರಿ ಹೊತ್ತಾದ ಮೇಲೆ ಹಿಂತಿರುಗುವುದು ನನಗೆ ಅನಿವಾರ್ಯ. ಹಮಾಲರ ಕೂಲಿ ಮತ್ತು ಲಾರಿ ಬಾಡಿಗೆಯ ನಗದು ಜೊತೆಯಲ್ಲಿರುತ್ತದೆ. ನಮ್ಮ ತಂದೆಯವರಿಗೆ 70 ವರ್ಷ ತುಂಬಿದಾಗ ಅವರ 12 ಬೋರಿನ ಜೋಡುನಳಿಗೆ ಬಂದೂಕು ನಿಯಮದಂತೆ ನನ್ನ ಹೆಸರಿಗೆ ಬಂದಿದೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧಗಳಾದ್ದರಿಂದ ನನಗೆ ಉಳಿದಿರುವುದು ಒಂದೇ ಅವಕಾಶ. ಕೈಯಲ್ಲಿ ಹಿಡಿಯುವ .32 ಬೋರಿನ ಆಯುಧಕ್ಕೆ ಈಗ ಮಂಜೂರಾತಿ ದೊರೆತಿದೆ. ಆರು ಗುಂಡಿನ ಕಾನ್ಪುರ ರಿವಾಲ್ವರ್ ಕೊಳ್ಳಲೇ, ಎಂಟು ಗುಂಡಿನ ಅಶನಿ ಪಿಸ್ತೂಲು ಕೊಳ್ಳಲೇ ಎಂಬುದು ತೀರ್ಮಾನವಾಗುತ್ತಿಲ್ಲ. ರಿವಾಲ್ವರ್ ಎಂದೂ ಕೈಕೊಡುವುದಿಲ್ಲವೆಂದು ಹಿರಿಯರು ಹೇಳುತ್ತಾರೆ, ಅದು ಹಳೆಯ ಕಾಲದ್ದೆಂದು ಸ್ನೇಹಿತರು ಹೇಳುತ್ತಾರೆ. ಬಳಸಿ ಬಲ್ಲವರು ತಿಳಿಸಬೇಕು.

ಉತ್ತರ 1 (ನಿವೃತ್ತ ಆರ್ಮರರ್, ಎಂದರೆ ಆಯುಧ ದುರಸ್ತಿಗಾರ, ಬಳ್ಳಾರಿ):

ರಿವಾಲ್ವರ್ ಎಂದೂ ಕೈಕೊಡುವುದಿಲ್ಲವೆಂಬ ಮಾತು ಅರ್ಧ ಸತ್ಯ. ಸಿಡಿಯದ ಗುಂಡು ಸಿಕ್ಕರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಗುಂಡುಗಳು ಕೂರುವ ಸಿಲಿಂಡರ್ ತಿರುಗಿ ಮುಂದಿನ ಗುಂಡು ಎದುರಿಗೆ ಬರುತ್ತದೆ. ಅಷ್ಟರ ಮಟ್ಟಿಗೆ ಅದು ನಿಜ. ಆದರೆ ಸುಟ್ಟ ಗುಂಡಿನ ಖಾಲಿ ಕವಚಗಳನ್ನು ಹೊರಹಾಕುವ ನಕ್ಷತ್ರಾಕಾರದ ತಗಡಿನ ಕೆಳಗೆ ಕಸ ಸೇರಿದರೆ, ಅಥವಾ ಗುಂಡಿನ ತಳದಲ್ಲಿ ಮದ್ದನ್ನು ಹೊತ್ತಿಸುವ ಪ್ರೈಮರ್ ಕೂದಲೆಳೆಯಷ್ಟು ಎದ್ದು ನಿಂತಿದ್ದರೆ, ಸಿಲಿಂಡರ್ ಬಿಗಿದುಕೊಂಡು ನಿಲ್ಲುತ್ತದೆ, ಮತ್ತು ಹಾಗೆ ನಿಂತ ರಿವಾಲ್ವರನ್ನು ರಸ್ತೆಯ ಮೇಲೆ ಬರಿಗೈಯಲ್ಲಿ ಬಿಡಿಸುವುದು ಬಹಳ ಕಷ್ಟ. ಪಿಸ್ತೂಲು ಅದಕ್ಕಿಂತ ಹೆಚ್ಚು ಸಲ ಸಿಕ್ಕಿಕೊಂಡು ನಿಲ್ಲುತ್ತದೆ. ಆದರೆ ಗುಂಡು ತುಂಬುವ ಮ್ಯಾಗಝೀನಿನ ತಳಕ್ಕೆ ತಟ್ಟಿ, ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಬಹುತೇಕ ತಡೆಗಳು ಕ್ಷಣದಲ್ಲಿ ನಿವಾರಣೆಯಾಗುತ್ತವೆ, ಆ ಚಲನೆ ಕೈಗೆ ರೂಢಿಯಾಗಿದ್ದರೆ ಮಾತ್ರ.

ನಿಮ್ಮ ನಿರ್ಧಾರ ನಿಲ್ಲಬೇಕಾದದ್ದು ಈ ರೂಢಿಯ ಮೇಲೆ. ಪಿಸ್ತೂಲು ತನ್ನ ಗುಂಡಿನ ಒದೆತದಿಂದಲೇ ಸ್ಲೈಡನ್ನು ಹಿಂದಕ್ಕೆ ತಳ್ಳಿ, ಖಾಲಿ ಕವಚವನ್ನು ಎಸೆದು, ಹೊಸ ಗುಂಡನ್ನು ಏರಿಸಿಕೊಳ್ಳುತ್ತದೆ. ಆದ್ದರಿಂದ ಗುಂಡಿನ ಬಲ, ಮ್ಯಾಗಝೀನಿನ ಬಾಯಿಯ ಅಂಚು, ಸ್ಪ್ರಿಂಗು, ಹಿಡಿದ ಕೈಯ ಬಿಗಿ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಹೊಂದಿದೆಯೆಂದು ನಂಬುವ ಮೊದಲು ಅದೇ ಪಿಸ್ತೂಲಿನಲ್ಲಿ, ಅದೇ ಮ್ಯಾಗಝೀನಿನಲ್ಲಿ ನೂರಿನ್ನೂರು ಗುಂಡಾದರೂ ಸುಟ್ಟು ನೋಡಬೇಕೆಂಬುದು ನನ್ನ ಅನುಭವ. ನಮ್ಮಲ್ಲಿ ಪರವಾನಗಿ ಪುಸ್ತಕದಲ್ಲಿ ವರ್ಷಕ್ಕೆ ಇಷ್ಟೇ ಗುಂಡು ಎಂಬ ಮಿತಿ ಬರೆದಿರುತ್ತದೆ, ಬೆಲೆಯೂ ಕಡಿಮೆಯಲ್ಲ. ಆ ಮಿತಿಯೊಳಗೆ ಪಿಸ್ತೂಲನ್ನು ಪರೀಕ್ಷಿಸಲು ಸಾಧಾರಣ ಪರವಾನಗಿದಾರನಿಗೆ ಸಾಧ್ಯವಾಗುವುದಿಲ್ಲ. ರಿವಾಲ್ವರಿನ ಯಂತ್ರವನ್ನು ತಿರುಗಿಸುವುದು ಗುಂಡಿನ ಬಲವಲ್ಲ, ನಿಮ್ಮ ಬೆರಳು. ಅದರ ಭಾರವಾದ ಟ್ರಿಗರನ್ನು ಮದ್ದಿಲ್ಲದ ಡಮ್ಮಿ ಗುಂಡು ಹಾಕಿಕೊಂಡು ಮನೆಯ ಕೋಣೆಯಲ್ಲೇ ಪಳಗಿಸಿಕೊಳ್ಳಬಹುದು. ವರ್ಷಕ್ಕೆ ಕೆಲವೇ ಗುಂಡು ಸುಡುವವರಿಗೆ ನಾನು ರಿವಾಲ್ವರನ್ನೇ ಹೇಳುತ್ತೇನೆ.

ಇನ್ನೊಂದು ಮಾತು. ಮ್ಯಾಗಝೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಯಿತೆಂದು ತಿಳಿದು, ನಳಿಕೆಯೊಳಗೆ ಉಳಿದ ಒಂದು ಗುಂಡನ್ನು ಮರೆತು ಆಗುವ ಅನಾಹುತವೇ ಹೆಚ್ಚು. ಕಾನ್ಪುರದ ರಿವಾಲ್ವರನ್ನು ಮಡಚಿ ತೆರೆದರೆ ಗುಂಡು ಕೂರುವ ಆರೂ ಕೋಣೆಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಉತ್ತರ 2 (ಗಣಿ ಸಾಗಣೆ ಗುತ್ತಿಗೆದಾರ, ಸಂಡೂರು):

ಹಿರಿಯರ ಮಾತನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ತಿಳಿಸುತ್ತೇನೆ. ಆರು ವರ್ಷಗಳಿಂದ ನಾನು .32 ಪಿಸ್ತೂಲನ್ನೇ ಇಟ್ಟುಕೊಂಡಿದ್ದೇನೆ. ದಿನವಿಡೀ ಜೀಪಿನಲ್ಲಿ ಕೂರುವವನ ಸೊಂಟಕ್ಕೆ ರಿವಾಲ್ವರಿನ ಉಬ್ಬಿದ ಸಿಲಿಂಡರ್ ಒತ್ತುತ್ತದೆ. ಒತ್ತುವ ಆಯುಧವನ್ನು ಮನುಷ್ಯ ಕಾರಿನ ಡ್ರಾಯರಿನಲ್ಲಿ ಬಿಟ್ಟು ಇಳಿಯುತ್ತಾನೆ, ಅದಕ್ಕಿಂತ ಅಪಾಯ ಬೇರೆ ಇಲ್ಲ. ಪಿಸ್ತೂಲು ಚಪ್ಪಟೆ, ಅಂಗಿಯ ಕೆಳಗೆ ಕಾಣುವುದಿಲ್ಲ. ತಡೆ ಬಿಡಿಸುವ ಅಭ್ಯಾಸವನ್ನೂ ಡಮ್ಮಿ ಗುಂಡಿನಿಂದಲೇ ಮಾಡಬಹುದು, ನಾನು ಹಾಗೆಯೇ ಕಲಿತೆ. ಆದರೆ ನಮ್ಮ ಕಡೆಯ ಕೆಂಪು ದೂಳು ಸ್ಲೈಡಿನ ಎಣ್ಣೆಗೆ ಅಂಟಿ ಕೆಸರಿನಂತಾಗುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಒರೆಸಿ, ಎಣ್ಣೆಯನ್ನು ಹನಿಯಷ್ಟೇ ಹಚ್ಚುವ ಶಿಸ್ತು ನಿಮಗಿಲ್ಲದಿದ್ದರೆ ಪಿಸ್ತೂಲು ಬೇಡ.

ಉತ್ತರ 3 (ವಕೀಲ, ರಾಯಚೂರು):

ಕೊಳ್ಳುವ ಮೊದಲು ಪರವಾನಗಿಯಲ್ಲಿ ಏನು ಬರೆದಿದೆಯೆಂದು ಓದಿ. ರಿವಾಲ್ವರ್ ಎಂದಿದ್ದರೆ ಪಿಸ್ತೂಲು ಕೊಳ್ಳಲಾಗದು. ಎರಡಕ್ಕೂ .32 ಎಂದೇ ಹೆಸರಿದ್ದರೂ ಗುಂಡುಗಳು ಬೇರೆ: ರಿವಾಲ್ವರಿನದು ಅಗಲ ಅಂಚಿನ ಸ್ಮಿತ್ ಅಂಡ್ ವೆಸನ್ ಲಾಂಗ್, ಪಿಸ್ತೂಲಿನದು 7.65 ಮಿ.ಮೀ. ಬ್ರೌನಿಂಗ್. ಒಂದರದು ಇನ್ನೊಂದಕ್ಕಾಗದು, ಆದ್ದರಿಂದ ನಮೂದು ಸ್ಪಷ್ಟವಾಗಿರಲಿ. ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದರೆ ಖಾಲಿ ಮಾಡಿ, ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ ಕೊಟ್ಟು ರಸೀದಿ ಪಡೆಯಿರಿ. ನಮ್ಮ ಬೇಸಿಗೆಯಲ್ಲಿ ಬೆವರು ಕುಡಿದ ಚರ್ಮದ ಚೀಲದಲ್ಲೇ ಬಿಟ್ಟರೆ ಯಾವುದಕ್ಕಾದರೂ ತುಕ್ಕು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು:

ಮೂವರಿಗೂ ಕೃತಜ್ಞತೆಗಳು. ಪ್ರತಿ ವಾರ ಬಿಚ್ಚಿ ಒರೆಸುವ ಶಿಸ್ತು ಸುಗ್ಗಿಯಲ್ಲಿ ನನ್ನಿಂದ ಸಾಧ್ಯವಾಗದೆಂದು ಪ್ರಾಮಾಣಿಕವಾಗಿ ಒಪ್ಪುತ್ತೇನೆ, ಗಿರಣಿಯ ಹೊಟ್ಟಿನ ದೂಳೂ ಸಾಮಾನ್ಯವಲ್ಲ. ಪರವಾನಗಿಯ ನಮೂದನ್ನು ಓದಿಸಿ ರಿವಾಲ್ವರನ್ನೇ ಕೊಳ್ಳುತ್ತೇನೆ. ಆದರೆ ಮಡಚಿ ತೆರೆಯುವುದೋ, 2023ರಲ್ಲಿ ಬಂದ, ಸಿಲಿಂಡರ್ ಪಕ್ಕಕ್ಕೆ ಹೊರಳುವ ಪ್ರಬಲ್ ಮಾದರಿಯೋ?

ಉತ್ತರ (ನಿವೃತ್ತ ಆರ್ಮರರ್, ಬಳ್ಳಾರಿ):

ಎರಡನ್ನೂ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ. ಮಾದರಿಗಿಂತ ಆ ಒಂದು ತುಂಡು ಹೇಗಿದೆಯೆಂಬುದು ಮುಖ್ಯ. ಖಾಲಿಯೆಂದು ಎರಡು ಸಲ ಖಚಿತಪಡಿಸಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು, ಡಮ್ಮಿ ಗುಂಡು ಹಾಕಿ ಟ್ರಿಗರನ್ನು ಪೂರ್ತಿ ಎಳೆದು ಹಾಗೆಯೇ ಹಿಡಿಯಿರಿ, ಇನ್ನೊಂದು ಕೈಯಿಂದ ಸಿಲಿಂಡರನ್ನು ಅಲುಗಾಡಿಸಿ. ಆರೂ ಕೋಣೆಗಳಲ್ಲಿ ಹೀಗೆ ನೋಡಬೇಕು. ಒಂದರಲ್ಲಿ ಸಡಿಲವಾಗಿ ತಿರುಗಿದರೂ ಆ ರಿವಾಲ್ವರ್ ಬೇಡ, ಬೇರೆಯದನ್ನು ಕೇಳಿ. ಮಡಚುವ ಮಾದರಿಯಾದರೆ ಮೇಲಿನ ಚಿಲಕ ಬಿಗಿಯಾಗಿ ಕೂರಬೇಕು, ಮುಚ್ಚಿದಾಗ ಕೀಲಿನಲ್ಲಿ ಅಲುಗಾಟ ಇರಬಾರದು. ಸುಡುವಾಗ ಸಿಲಿಂಡರ್ ಮತ್ತು ನಳಿಕೆಯ ನಡುವಿನ ಸಂದಿಯ ಬಳಿ ಬೆರಳಿಡಬೇಡಿ, ಅಲ್ಲಿಂದ ಬಿಸಿ ಅನಿಲ ಹೊರಬರುತ್ತದೆ. ಕೊಳ್ಳುವ ದಿನ ಪರವಾನಗಿಯ ಮೂಲ ಪುಸ್ತಕವನ್ನು ಮರೆಯದೆ ಒಯ್ಯಿರಿ, ಆಯುಧದ ಸಂಖ್ಯೆಯನ್ನು ನಿಮ್ಮೆದುರೇ ಬರೆಸಿ, ಕೊರೆದ ಸಂಖ್ಯೆಯೊಂದಿಗೆ ತಾಳೆ ನೋಡಿ.