ಎಸ್‌ಪಿಎನ್ 100, ಎಫ್‌ಎಂಐ 4: ಸೆನ್ಸರ್ ಎರಡು ಸಲ ಬದಲಾಯಿಸಿದರೂ ಕೋಡ್ ಹೋಗುತ್ತಿಲ್ಲ

ಬದಿಯಡ್ಕದಿಂದ, ಕೇಳಿದವರು:

ನಮ್ಮದು 20 ಟನ್ನಿನ ಎಕ್ಸ್‌ಕವೇಟರ್, ಕೆಂಪುಕಲ್ಲಿನ ಕೋರೆಯಲ್ಲಿ ಮೇಲ್ಮಣ್ಣು ತೆಗೆಯುವ ಕೆಲಸ. ಮಳೆ ಶುರುವಾದಂದಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಮಾನಿಟರಿನಲ್ಲಿ ಎಸ್‌ಪಿಎನ್ 100 ಎಫ್‌ಎಂಐ 4 ಎಂಬ ಫಾಲ್ಟ್ ಕೋಡ್ ಬರುತ್ತದೆ. ಎಂಜಿನ್ ಪವರ್ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ತನ್ನಷ್ಟಕ್ಕೆ ಸರಿಯಾಗುತ್ತದೆ. ಆಯಿಲ್ ಪ್ರೆಶರ್ ಸೆನ್ಸರ್ ಎರಡು ಸಲ ಹೊಸತು ಹಾಕಿದೆ. ಈಗ ಮೆಕ್ಯಾನಿಕ್ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೋಗಿದೆ ಎನ್ನುತ್ತಿದ್ದಾರೆ. ಅದರ ರೇಟು ಕೇಳಿ ನಿದ್ದೆ ಬರುತ್ತಿಲ್ಲ. ಎಂತ ಮಾಡುವುದು, ಗೊತ್ತಿದ್ದವರು ಹೇಳಿ ಮಾರಾಯ್ರೆ.

ಕುಂಬಳೆಯಿಂದ, ಎಲೆಕ್ಟ್ರಿಕಲ್ ಕೆಲಸದವರು:

ಇಸಿಎಂಗೆ ಈಗಲೇ ಅಡ್ವಾನ್ಸ್ ಕೊಡಬೇಡಿ ಅಣ್ಣ. ಮೊದಲು ಹಾರ್ನೆಸ್ (ವಯರಿನ ಕಟ್ಟು) ನೋಡಿ ರಿಪೇರಿ ಮಾಡಿ, ಸರಿಯಾಗದಿದ್ದರೆ ಆಮೇಲೆ ಅದರ ಮಾತು.

ಮಾನಿಟರಿನಲ್ಲಿ ಎರಡು ನಂಬರ್ ಬಂದಿದೆ, ಅಲ್ವಾ? ಹೆಚ್ಚಿನವರು ಮೊದಲನೆಯದನ್ನು ಮಾತ್ರ ಓದಿ ಸ್ಪೇರ್ ಅಂಗಡಿಗೆ ಹೋಗುತ್ತಾರೆ. ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಪ್ರೆಶರ್. ಅದು ಯಾವ ಸರ್ಕ್ಯೂಟ್ ಎಂದು ಹೇಳುತ್ತದೆ, ಅಷ್ಟೇ. ಏನಾಗಿದೆ ಎಂದು ಹೇಳುವುದು ಎಫ್‌ಎಂಐ. 4 ಎಂದರೆ ವೋಲ್ಟೇಜ್ ಕಮ್ಮಿ, ಎಲ್ಲೋ ಅರ್ತಿಗೆ ಶಾರ್ಟ್ ಆಗಿರಬಹುದು. 3 ಬಂದಿದ್ದರೆ ವೋಲ್ಟೇಜ್ ಜಾಸ್ತಿ. 2 ಬಂದಿದ್ದರೆ ಸಿಗ್ನಲ್ ಮೇಲೆ ಕೆಳಗೆ ಹಾರುತ್ತಿದೆ. 1 ಬಂದಿದ್ದರೆ ಸೆನ್ಸರ್ ಸರಿ ಇದೆ, ಆಯಿಲ್ ಪ್ರೆಶರೇ ನಿಜವಾಗಿ ಬಿದ್ದಿದೆ ಎಂದರ್ಥ. 1 ಕಂಡರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ, ಫೋನ್ ಆಮೇಲೆ ಮಾಡಿ.

ನಿಮ್ಮದು 4. ಆದರೂ ಆಯಿಲ್ ವಿಷಯದಲ್ಲಿ ನಾನು ಕೋಡನ್ನು ನಂಬಿ ಕೂರುವುದಿಲ್ಲ. ಡಿಪ್‌ಸ್ಟಿಕ್ ನೋಡಿ, ಒಂದು ಮೆಕ್ಯಾನಿಕಲ್ ಗೇಜ್ ಕಟ್ಟಿ ಪ್ರೆಶರ್ ಖಾತ್ರಿ ಮಾಡಿ.

ಈಗ ವಯರಿಗೆ ಬನ್ನಿ. ಈ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವಯರ್: 5 ವೋಲ್ಟ್, ಅರ್ತ್, ಸಿಗ್ನಲ್. ಪ್ಲಗ್ ಕಳಚಿ ಕೀ ಆನ್ ಮಾಡಿ, ಎಂಜಿನ್ ಆಫ್ ಇರಲಿ. ಹಾರ್ನೆಸ್ ಬದಿಯಲ್ಲಿ 5 ವೋಲ್ಟ್ ಮತ್ತು ಅರ್ತ್ ನಡುವೆ ಮೀಟರ್ ಇಡಿ. ಸುಮಾರು 5 ಬರಬೇಕು. ಬರದಿದ್ದರೆ ತಪ್ಪು ಈ ಸೆನ್ಸರಿನದ್ದೇ ಆಗಬೇಕೆಂದಿಲ್ಲ. ಅದೇ 5 ವೋಲ್ಟನ್ನು ಹಂಚಿಕೊಂಡ ಬೇರೆ ಸೆನ್ಸರ್ ಶಾರ್ಟ್ ಆದರೂ ಇದು ಸಾಯುತ್ತದೆ. ಆಗ ಒಂದೊಂದೇ ಪ್ಲಗ್ ಕಳಚುತ್ತಾ ಹೋಗಿ, ಯಾವುದನ್ನು ತೆಗೆದಾಗ 5 ವಾಪಸ್ ಬರುತ್ತದೋ ಅಲ್ಲಿದ್ದಾನೆ ಕಳ್ಳ. ಹಾಗಿದ್ದರೆ ಬೇರೆ ಸೆನ್ಸರ್‌ಗಳ ಕೋಡೂ ಒಟ್ಟಿಗೆ ಬರುವುದೇ ಹೆಚ್ಚು. ನಿಮಗೆ ಒಂದೇ ಬಂದಿರುವುದರಿಂದ ನನ್ನ ಡೌಟು ಸಿಗ್ನಲ್ ವಯರ್ ಮೇಲೆ.

ಬ್ಯಾಟರಿ ಕಳಚಿ, ಸೆನ್ಸರ್ ಪ್ಲಗ್ ಮತ್ತು ಇಸಿಎಂ ಪ್ಲಗ್ ಎರಡನ್ನೂ ತೆಗೆದು, ಸಿಗ್ನಲ್ ವಯರಿಗೂ ಎಂಜಿನ್ ಬ್ಲಾಕಿಗೂ ಓಮ್ ನೋಡಿ. ಸಂಪರ್ಕ ಏನೂ ತೋರಿಸಬಾರದು. ತೋರಿಸಿದರೆ ವಯರ್ ಎಲ್ಲೋ ಮೈ ಉಜ್ಜಿಕೊಂಡಿದೆ. ಆದರೆ ಈ ಪರೀಕ್ಷೆ ಬೆಳಿಗ್ಗೆ, ಕೋಡ್ ಇರುವಾಗಲೇ ಮಾಡಬೇಕು. ಮಧ್ಯಾಹ್ನ ಎಂಜಿನ್ ಬಿಸಿಗೆ ಎಲ್ಲ ಒಣಗಿದ ಮೇಲೆ ಮೀಟರ್ ಹಿಡಿದರೆ ಎಲ್ಲ ಸರಿಯೇ ಕಾಣುತ್ತದೆ, ನೀವು ಮೂರನೇ ಸೆನ್ಸರ್ ತರುತ್ತೀರಿ.

ಮೀಟರಿನ ದಪ್ಪ ಕಡ್ಡಿಯನ್ನು ಪ್ಲಗ್‌ನ ತೂತಿಗೆ ತುರುಕಬೇಡಿ. ಒಳಗಿನ ಟರ್ಮಿನಲ್ ಬಾಯಿ ಬಿಡುತ್ತದೆ, ಹೊಸ ಫಾಲ್ಟ್ ನೀವೇ ಮಾಡಿದ ಹಾಗಾಗುತ್ತದೆ. ತೆಳ್ಳಗಿನ ಪಿನ್ ಉಪಯೋಗಿಸಿ.

ಪೆರ್ಲದಿಂದ, ಆಪರೇಟರ್:

ನಮ್ಮ ಗಾಡಿಗೆ ಇದೇ ಕಾಯಿಲೆ ಬಂದಿತ್ತು, ಕಾರಣ ಬೇರೆ. ಶನಿವಾರ ಸಂಜೆ ಹುಡುಗರು ಪ್ರೆಶರ್ ವಾಶರಿನಲ್ಲಿ ಎಂಜಿನ್ ತೊಳೆಯುತ್ತಿದ್ದರು. ಸೋಮವಾರ ಕೋಡ್. ಪ್ಲಗ್ ಬಿಚ್ಚಿ ನೋಡಿದರೆ ರಬ್ಬರ್ ಸೀಲ್ ಮಡಚಿ ಕೂತಿದೆ, ಒಳಗೆ ಕೆಂಪು ನೀರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸೀಲ್ ಬದಲಾಯಿಸಿದ ಮೇಲೆ ಮತ್ತೆ ಬರಲಿಲ್ಲ. ಅಂದಹಾಗೆ ವಯರ್ ಕಡಿಯುವ ಹೆಗ್ಗಣವನ್ನೂ ಮರೆಯಬೇಡಿ. ತೋಟದ ಬದಿಯಲ್ಲಿ ನಿಲ್ಲಿಸಿದ ಗಾಡಿ ಅವಕ್ಕೆ ಮಳೆಗಾಲದ ಮನೆ.

ಉಪ್ಪಳದಿಂದ, ವರ್ಕ್‌ಶಾಪ್:

ಕುಂಬಳೆಯವರು ಹೇಳಿದ್ದು ಸರಿ. ನಮ್ಮಲ್ಲಿ ಕಡಲ ಗಾಳಿಗೆ ಬ್ಯಾಟರಿ ಅರ್ತ್ ಸ್ಟ್ರಾಪ್ ತಿಂದು ಹೋಗುವುದು ಮಾಮೂಲಿ. ಅದನ್ನೂ ಬಿಚ್ಚಿ ಉಜ್ಜಿ ಟೈಟ್ ಮಾಡಿ. ಬಕೆಟ್ ಹಲ್ಲು ವೆಲ್ಡಿಂಗ್ ಮಾಡಿದ ಮೇಲೆ ಕೋಡ್ ಶುರುವಾಯಿತಾ ಎಂದೂ ನೆನಪು ಮಾಡಿ ನೋಡಿ. ಬ್ಯಾಟರಿ ಕಳಚದೆ, ಅರ್ತ್ ಕ್ಲಾಂಪನ್ನು ಎಲ್ಲೋ ದೂರದಲ್ಲಿ ಹಾಕಿ ವೆಲ್ಡಿಂಗ್ ಮಾಡಿದರೆ ಇಸಿಎಂ ನಿಜವಾಗಿಯೂ ಹೋಗಬಹುದು.

ಎಸ್‌ಪಿಎನ್ 639 ಜೊತೆಗೆ ಬಂದರೆ ಅದು ಕ್ಯಾನ್ ಲೈನಿನ ಕಥೆ, ಅಂದರೆ ಇಸಿಎಂ ಮತ್ತು ಮೆಷಿನಿನ ಬೇರೆ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಜೋಡಿ ವಯರ್. ಬ್ಯಾಟರಿ ಕಳಚಿ ಕ್ಯಾನ್ ಹೈ ಮತ್ತು ಲೋ ನಡುವೆ ನೋಡಿ, 60 ಓಮ್ ಬರಬೇಕು. 120 ಬಂದರೆ ಎರಡು ತುದಿಯ ರೆಸಿಸ್ಟರ್‌ಗಳಲ್ಲಿ ಒಂದು ಲೈನಿನಲ್ಲಿಲ್ಲ.

ಇದೆಲ್ಲ ದೊಡ್ಡ ಮೆಷಿನಿನ ಕಾಟ ಎಂದುಕೊಳ್ಳಬೇಡಿ. ಚಕ್ರದ ಮೆಷಿನ್‌ಗಳಿಗೆ 2021ರ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ ಬಂದು ಎಂಜಿನಿಗೆ ಇಸಿಎಂ ಸೇರಿದ ಮೇಲೆ ಬ್ಯಾಕ್‌ಹೋ ರಿಪೇರಿಗೂ ಸ್ಪ್ಯಾನರ್ ಜೊತೆ ಮೀಟರ್ ಬೇಕೇ ಬೇಕು.

ಕುಂಬಳೆಯವರು ಮತ್ತೆ:

ಕೂಲಂಟ್ ಟೆಂಪರೇಚರಿನಂಥ ಎರಡು ವಯರಿನ ಸೆನ್ಸರಿಗೆ ಸುಲಭದ ದಾರಿ ಉಂಟು. ಪ್ಲಗ್ ಕಳಚಿದರೆ ಎಸ್‌ಪಿಎನ್ 110ಕ್ಕೆ ಎಫ್‌ಎಂಐ 3 ಬರಬೇಕು, ಹಾರ್ನೆಸ್ ಬದಿಯ ಎರಡು ಪಿನ್ ಸೇರಿಸಿದರೆ 4 ಬರಬೇಕು. ಹಾಗೆ ಬದಲಾದರೆ ವಯರೂ ಇಸಿಎಂ ಕೂಡ ಸರಿ, ಸೆನ್ಸರ್ ಮೇಲೆ ಕಣ್ಣಿಡಬಹುದು. ಮೂರು ವಯರಿನದ್ದಕ್ಕೆ ಈ ಜಂಪರ್ ಆಟ ಬೇಡ. 5 ವೋಲ್ಟನ್ನೇ ಅರ್ತಿಗೆ ಮುಟ್ಟಿಸಿಬಿಡುತ್ತೀರಿ.

ಬದಿಯಡ್ಕದಿಂದ, ನಾಲ್ಕು ದಿನ ಬಿಟ್ಟು:

ಸಿಕ್ಕಿತು! ಆಯಿಲ್ ಪ್ರೆಶರ್ ಗೇಜಿನಲ್ಲಿ ಸರಿ ಇತ್ತು, 5 ವೋಲ್ಟೂ ಇತ್ತು. ಬೆಳಿಗ್ಗೆ ಏಳಕ್ಕೆ, ರಾತ್ರಿಯ ಮಳೆ ಇನ್ನೂ ಹನಿಯುತ್ತಿರುವಾಗಲೇ ಸಿಗ್ನಲ್ ವಯರ್ ನೋಡಿದೆವು. ಮೀಟರ್ ತೋರಿಸಿಬಿಟ್ಟಿತು. ಒಬ್ಬ ಹಾರ್ನೆಸ್ಸನ್ನು ಗೇಣು ಗೇಣಿಗೆ ಅಲ್ಲಾಡಿಸುತ್ತಾ ಹೋದ, ನಾನು ಮೀಟರ್ ನೋಡುತ್ತಾ ನಿಂತೆ. ಸ್ಟಾರ್ಟರ್ ಹಿಂದಿನ ಬ್ರಾಕೆಟ್ ಹತ್ತಿರ ಬಂದಾಗ ಅಂಕೆ ಕುಣಿಯಿತು. ಕ್ಲಿಪ್ ಮುರಿದು ಹಾರ್ನೆಸ್ ಜೋತುಬಿದ್ದಿದೆ. ಮೇಲಿನ ಪೈಪ್ ಸವೆದು, ಒಳಗಿನ ವಯರಿನ ಸಿಪ್ಪೆ ಅಕ್ಕಿಕಾಳಿನಷ್ಟು ಎದ್ದಿದೆ. ಅದರ ಮೇಲೆ ಒದ್ದೆ ಕೆಮ್ಮಣ್ಣು, ತಾಮ್ರ ಹಸಿರು ಹಿಡಿದಿದೆ. ಸುಮ್ನೆ ಟೇಪ್ ಸುತ್ತಲಿಲ್ಲ. ಹಸಿರು ಹಿಡಿದ ತುಂಡು ಕತ್ತರಿಸಿ ಹೊಸ ವಯರ್ ಜೋಡಿಸಿ, ಹೀಟ್ ಶ್ರಿಂಕ್ ಹಾಕಿ, ಹೊಸ ಪೈಪ್, ಹೊಸ ಕ್ಲಿಪ್. ಮೂರು ದಿನ ಒಂದೇ ಸಮನೆ ಮಳೆ, ಕೋಡ್ ಬಂದಿಲ್ಲ.

ಮೊದಲು ಕಳಚಿಟ್ಟ ಹಳೇ ಸೆನ್ಸರ್ ಶೆಡ್ಡಿನಲ್ಲೇ ಬಿದ್ದಿತ್ತು. ನಿನ್ನೆ ಅದನ್ನೇ ವಾಪಸ್ ಹಾಕಿ ನೋಡಿದೆ. ಈಗ ಗಾಡಿ ಅದರಲ್ಲೇ ಓಡುತ್ತಿದೆ.